ಅನುಬಂಧ ಕಥೆಗಳ ಕ್ಯಾನನ್ ನಿರ್ಣಯ

ಅನುಬಂಧ ಕಥೆಗಳ ಕ್ಯಾನನ್ ನಿರ್ಣಯ ಎಂಬುದು ಅಭಿಮಾನಿಗಳು ಕಟ್ಟುವ ವಿಶ್ವಕೋಶಗಳಲ್ಲಿ ಅನುಸರಿಸುವ ಒಂದು ಸಂಪಾದಕೀಯ ಕ್ರಮ. ಒಂದು ಸಿನಿಮಾ ಅಥವಾ ಟಿ.ವಿ. ಸರಣಿಯನ್ನು ಆಧರಿಸಿ, ಹಕ್ಕುದಾರರ ಪರವಾನಗಿಯೊಂದಿಗೆ ಹೊರಬಂದ ಕಾದಂಬರಿ, ಕಾಮಿಕ್ಸ್, ಆಡಿಯೊ ನಾಟಕ, ವಿಡಿಯೊ ಗೇಮ್ ಮುಂತಾದವುಗಳಲ್ಲಿನ ಸಂಗತಿಗಳನ್ನು ಆ ಕಥಾಲೋಕದಲ್ಲಿ ನಿಜವಾಗಿ ನಡೆದದ್ದೆಂದು ದಾಖಲಿಸಬೇಕೆ, ದಾಖಲಿಸುವುದಾದರೆ ಎಲ್ಲಿ, ಯಾವ ಷರತ್ತಿನ ಮೇಲೆ ಎಂಬುದನ್ನು ಈ ಕ್ರಮ ಗೊತ್ತುಮಾಡುತ್ತದೆ. ಸ್ಟಾರ್ ವಾರ್ಸ್, ಸ್ಟಾರ್ ಟ್ರೆಕ್, ಡಾಕ್ಟರ್ ಹೂ ಈ ಮೂರು ಕಥಾಲೋಕಗಳ ವಿಶ್ವಕೋಶಗಳಲ್ಲಿ ಇದು ಅತ್ಯಂತ ವಿಸ್ತಾರವಾಗಿ ಬೆಳೆದಿದೆ. ಮೂರೂ ಮೂರು ಬೇರೆ ದಾರಿ ಹಿಡಿದಿರುವುದರಿಂದ ಈ ಲೇಖನ ಮುಖ್ಯವಾಗಿ ಅವುಗಳನ್ನೇ ಆಧರಿಸಿದೆ.

ಪರಿಭಾಷೆ

ಸಿನಿಮಾ ಅಥವಾ ಸರಣಿಯನ್ನು ಮೂಲಕೃತಿ ಎಂದೂ, ಅದರ ಆಧಾರದ ಮೇಲೆ ಬೇರೆ ಮಾಧ್ಯಮದಲ್ಲಿ ಪರವಾನಗಿ ಪಡೆದು ಬರೆದ ಕಥೆಯನ್ನು ಅನುಬಂಧ ಕಥೆ ಎಂದೂ ಇಲ್ಲಿ ಕರೆಯಲಾಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಟೈ-ಇನ್ ಎಂಬ ಹೆಸರಿದೆ. ಪರವಾನಗಿ ಇಲ್ಲದೆ ಅಭಿಮಾನಿಗಳೇ ಬರೆದುಕೊಳ್ಳುವ ಅಭಿಮಾನಿ ಕಥೆ ಇದರಿಂದ ಬೇರೆ. ಅದನ್ನು ಈ ಮೂರು ವಿಶ್ವಕೋಶಗಳೂ ಹೊರಗಿಡುತ್ತವೆ.

‘ಅಧಿಕೃತ’ ಎಂಬ ಪದ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಮಾಡುತ್ತದೆ. ಅದು ಮೂರು ಬೇರೆ ಬೇರೆ ಅರ್ಥಗಳನ್ನು ಒಟ್ಟಿಗೆ ಹೊರುತ್ತದೆ. ಮೊದಲನೆಯದು ಪರವಾನಗಿ: ಹಕ್ಕುದಾರರು ಆ ಪುಸ್ತಕವನ್ನು ಪ್ರಕಟಿಸಲು ಒಪ್ಪಿದ್ದಾರೆಯೆ ಎಂಬ ಕಾನೂನಿನ ಪ್ರಶ್ನೆ. ಎರಡನೆಯದು ಕ್ಯಾನನ್: ಮುಂದಿನ ಕಥೆಗಳನ್ನು ಬರೆಯುವಾಗ ಈ ಕಥೆಯನ್ನು ನಡೆದದ್ದೆಂದು ಹಕ್ಕುದಾರರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೆ ಎಂಬುದು. ಮೂರನೆಯದು ಮಾನ್ಯತೆ: ವಿಶ್ವಕೋಶದ ಸಂಪಾದಕರು ಆ ಕೃತಿಯನ್ನು ತಮ್ಮ ಪುಟಗಳಿಗೆ ಆಕರವಾಗಿ ಬಳಸುತ್ತಾರೆಯೆ ಎಂಬುದು. ಪರವಾನಗಿ ಇದ್ದೂ ಕ್ಯಾನನ್ ಅಲ್ಲದ ಕೃತಿಗಳು ನೂರಾರಿವೆ. ಕ್ಯಾನನ್ ಎಂಬ ಮಾತೇ ಇಲ್ಲದ ಕಡೆ ಮಾನ್ಯತೆ ಇದೆ. ಈ ಮೂರನ್ನು ಬೇರ್ಪಡಿಸದೆ ನಿರ್ಣಯದ ಯಾವ ನಿಯಮವೂ ನಿಲ್ಲುವುದಿಲ್ಲ. ಆದ್ದರಿಂದ ಮುಂದೆ ‘ಅಧಿಕೃತ’ ಎಂಬ ಪದವನ್ನು ಬಿಟ್ಟು ಈ ಮೂರು ಪದಗಳನ್ನೇ ಬಳಸಲಾಗಿದೆ.

ಕನ್ನಡ ಗ್ರಂಥಸಂಪಾದನೆಯಲ್ಲಿ ಬಳಕೆಯಲ್ಲಿರುವ ‘ಪ್ರಕ್ಷಿಪ್ತ’ ಎಂಬ ಪದ ಇದಕ್ಕೆ ಹತ್ತಿರದ್ದೆಂದು ತೋರಿದರೂ ಅದರ ಅರ್ಥ ಬೇರೆ. ಪ್ರಕ್ಷಿಪ್ತವೆಂದರೆ ಮೂಲ ಕವಿ ಬರೆಯದೆ, ಅನಂತರದವರು ಹೆಸರು ಹೇಳದೆ ಪಠ್ಯದೊಳಗೆ ಸೇರಿಸಿದ ಭಾಗ. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತ ಸಂಪಾದನೆಯಲ್ಲಿ ನಡೆದದ್ದು ಅಂಥ ಭಾಗಗಳನ್ನು ಗುರುತಿಸಿ ಅಡಿಟಿಪ್ಪಣಿಗೂ ಅನುಬಂಧಕ್ಕೂ ಸರಿಸುವ ಕೆಲಸ. ಅನುಬಂಧ ಕಥೆಯ ವಿಷಯದಲ್ಲಿ ಬರೆದವರು ಯಾರು, ಯಾವಾಗ ಬರೆದರು, ಯಾರ ಒಪ್ಪಿಗೆಯಿಂದ ಬರೆದರು ಎಂಬುದೆಲ್ಲ ಮುಖಪುಟದ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಇಲ್ಲಿ ತೀರ್ಮಾನವಾಗಬೇಕಾದದ್ದು ಅದರ ಅಸಲಿತನವಲ್ಲ, ಅದಕ್ಕೆ ಕೊಡಬೇಕಾದ ಸ್ಥಾನ.

ಉಗಮ

ಕ್ಯಾನನ್ ಎಂಬುದು ಅಳತೆಗೋಲು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಬೈಬಲಿನಲ್ಲಿ ಸೇರುವ ಗ್ರಂಥಗಳು ಯಾವುವು ಎಂಬುದನ್ನು ಗೊತ್ತುಮಾಡಲು ಕ್ರೈಸ್ತ ಚರ್ಚು ಇದನ್ನು ಬಳಸಿತು. ಕಲ್ಪಿತ ಕಥೆಗಳ ವಿಚಾರಕ್ಕೆ ಇದನ್ನು ತಂದ ಶ್ರೇಯಸ್ಸನ್ನು ಸಾಮಾನ್ಯವಾಗಿ ರೊನಾಲ್ಡ್ ನಾಕ್ಸ್ ಅವರಿಗೆ ಸಲ್ಲಿಸಲಾಗುತ್ತದೆ. ಅವರು 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ ಪ್ರಬಂಧ, ಬೈಬಲ್ ವಿದ್ವಾಂಸರ ವಿಮರ್ಶಾ ಪದ್ಧತಿಯನ್ನು ಷರ್ಲಾಕ್ ಹೋಮ್ಸ್ ಕಥೆಗಳಿಗೆ ಅನ್ವಯಿಸಿತು. ಆರ್ಥರ್ ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣಕಥೆ, ಒಟ್ಟು 60 ಕೃತಿಗಳನ್ನು ಹೋಮ್ಸ್ ಕ್ಯಾನನ್ ಎಂದು ಕರೆಯುವುದು ಈಗ ರೂಢಿ.

ಈ 60ರ ಲೆಕ್ಕದೊಳಗೇ ಮುಂದಿನ ಎಲ್ಲ ತೊಡಕುಗಳ ಬೀಜವಿದೆ. ಡಾಯ್ಲ್ 1896ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆಗೆ, ಕ್ರಿಕೆಟ್ ಮೈದಾನಕ್ಕೆ ಹಣ ಕೂಡಿಸುವ ಸಲುವಾಗಿ, ಹೋಮ್ಸ್ ಮತ್ತು ವಾಟ್ಸನ್ ಬೆಳಗಿನ ತಿಂಡಿಗೆ ಕುಳಿತಿರುವ ಒಂದು ಚಿಕ್ಕ ಪ್ರಸಂಗ ಬರೆದುಕೊಟ್ಟರು. ರಾಣಿ ಮೇರಿಯ ಗೊಂಬೆಮನೆಯ ಪುಟಾಣಿ ಗ್ರಂಥಾಲಯಕ್ಕೆಂದು ಇನ್ನೊಂದನ್ನು ಬರೆದರು. ಬರೆದವರು ಅವರೇ, ಪಾತ್ರಗಳೂ ಅವರವೇ. ಆದರೂ ಇವೆರಡೂ ರೂಢಿಯ ಕ್ಯಾನನ್ ಪಟ್ಟಿಯಲ್ಲಿಲ್ಲ. ಮೂಲ ಲೇಖಕನ ಕೈಬರಹವೇ ಸಾಕಾಗದು, ಕೃತಿ ಹೊರಬಂದ ಸಂದರ್ಭವೂ ಉದ್ದೇಶವೂ ಲೆಕ್ಕಕ್ಕೆ ಬರುತ್ತವೆ ಎಂಬ ತತ್ವವನ್ನು ಇದರಿಂದ ಓದಿಕೊಳ್ಳಬಹುದು. ನೂರು ವರ್ಷಗಳ ಅನಂತರದ ವಿಶ್ವಕೋಶಗಳು ಇದನ್ನೇ ನಿಯಮವಾಗಿ ಬರೆದಿಟ್ಟವು.

ಅನುಬಂಧ ಕಥೆಗಳ ಸಮಸ್ಯೆ ಈಗಿನ ರೂಪಕ್ಕೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಮೊದಲ ಸ್ಟಾರ್ ವಾರ್ಸ್ ಸಿನಿಮಾ 1977ರ ಮೇ 25ರಂದು ತೆರೆಕಂಡಿತು. ಮಾರ್ವೆಲ್ ಸಂಸ್ಥೆಯ ಕಾಮಿಕ್ಸ್ ಅದೇ ವರ್ಷ ಆರಂಭವಾಗಿ 1986ರವರೆಗೆ 107 ಸಂಚಿಕೆ ನಡೆಯಿತು. ಅಲನ್ ಡೀನ್ ಫಾಸ್ಟರ್ ಅವರ ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’ ಎಂಬ ಕಾದಂಬರಿ 1978ರಲ್ಲಿ ಬಂತು. ಅದರಲ್ಲಿ ಸಿನಿಮಾದ ನಾಯಕ ಲ್ಯೂಕ್ ಮತ್ತು ನಾಯಕಿ ಲೇಯಾ ನಡುವೆ ಒಲವಿನ ಛಾಯೆ ಇದೆ. 1983ರ ಸಿನಿಮಾ ಅವರಿಬ್ಬರೂ ಅವಳಿ ಮಕ್ಕಳೆಂದು ಹೇಳಿತು. ಪುಸ್ತಕ ಆಗಲೇ ಓದುಗರ ಕೈಯಲ್ಲಿತ್ತು. ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ, ಸಿನಿಮಾದ ಜೊತೆ ಹೊಂದಿಸುವಂತೆಯೂ ಇರಲಿಲ್ಲ.

ಅನುಬಂಧ ಕಥೆಗಳ ಬಗೆಗಳು

ಸಿನಿಮಾದ ಕಥೆಯನ್ನೇ ಕಾದಂಬರಿಯಾಗಿ ಹೇಳುವ ರೂಪಾಂತರ ಮೊದಲ ಬಗೆ. ಇದು ಹೆಚ್ಚಾಗಿ ಚಿತ್ರಕಥೆಯ ಹಿಂದಿನ ಕರಡನ್ನು ನೋಡಿ ಬರೆದದ್ದು. ಹಾಗಾಗಿ ಸಂಕಲನದಲ್ಲಿ ಕತ್ತರಿಸಿದ ದೃಶ್ಯಗಳೂ ಬದಲಾದ ಹೆಸರುಗಳೂ ಇದರಲ್ಲಿ ಉಳಿದುಬಿಡುತ್ತವೆ. ಮೂಲಕೃತಿಯ ಎರಡು ಭಾಗಗಳ ನಡುವಿನ ಬಿಡುವನ್ನು ತುಂಬುವ ಕಥೆ, ಮೂಲಕೃತಿ ಮುಗಿದ ಮೇಲೆ ಮುಂದುವರಿಸುವ ಕಥೆ, ಹಿಂದಿನ ಕಾಲವನ್ನು ಹೇಳುವ ಕಥೆ ಇವು ಉಳಿದವು. ‘ಹೀಗಾಗಿದ್ದರೆ’ ಎಂದು ಬೇರೆ ದಾರಿಯನ್ನು ಕಲ್ಪಿಸುವ ಕಥೆಗಳೂ ಉಂಟು. ಡಾರ್ಕ್ ಹಾರ್ಸ್ ಸಂಸ್ಥೆ ಸ್ಟಾರ್ ವಾರ್ಸ್‌ನ ಇಂಥ ಕಾಮಿಕ್ಸ್‌ಗಳಿಗೆ ‘ಇನ್‌ಫಿನಿಟೀಸ್’ ಎಂಬ ಗುರುತನ್ನೇ ಹಾಕಿತ್ತು. ಹೀಗೆ ಗುರುತು ಹಾಕಿದ ಕಡೆ ನಿರ್ಣಯ ಸುಲಭ.

ಇವುಗಳಲ್ಲಿ ತಕರಾರು ಹುಟ್ಟಿಸುವುದು ಮುಂದುವರಿಕೆಯ ಕಥೆ. ಮೂಲಕೃತಿ ನಿಂತಿರುವಾಗ ಅದೊಂದೇ ಬೆಳೆಯುತ್ತಿರುತ್ತದೆ, ಓದುಗರು ಅದನ್ನೇ ಕಥೆಯ ಮುಂದಿನ ಭಾಗವೆಂದು ನಂಬಿ ವರ್ಷಗಟ್ಟಲೆ ಅನುಸರಿಸುತ್ತಾರೆ. ಒಂದು ದಿನ ಮೂಲಕೃತಿ ಮತ್ತೆ ಶುರುವಾದಾಗ ಅದು ಈ ಪುಸ್ತಕಗಳಿಗೆ ಕಟ್ಟುಬೀಳುವುದಿಲ್ಲ. ಸ್ಟಾರ್ ಟ್ರೆಕ್‌ನಲ್ಲಿ 2020ರ ‘ಪಿಕಾರ್ಡ್’ ಸರಣಿ ಬಂದಾಗ ಹೀಗಾಯಿತು. ಅಷ್ಟರಲ್ಲಿ ಸುಮಾರು ಎರಡು ದಶಕ ಒಂದಕ್ಕೊಂದು ಹೊಂದಿಕೊಂಡು ಬೆಳೆದಿದ್ದ ಕಾದಂಬರಿಗಳ ಸಾಲನ್ನು ಅದರ ಲೇಖಕರೇ 2021ರಲ್ಲಿ ‘ಕೋಡಾ’ ಎಂಬ ಮೂರು ಕಾದಂಬರಿಗಳ ಮೂಲಕ ಮುಗಿಸಿದರು. ತಾವು ಕಟ್ಟಿದ ಲೋಕಕ್ಕೆ ಕಥೆಯೊಳಗೇ ಒಂದು ಅಂತ್ಯ ಕೊಟ್ಟ ಈ ಪ್ರಸಂಗ ಅನುಬಂಧ ಸಾಹಿತ್ಯದಲ್ಲಿ ಅಪರೂಪದ್ದು, ಗೌರವಕ್ಕೆ ಅರ್ಹವಾದದ್ದು.

ಮಾಧ್ಯಮವನ್ನು ನೋಡಿ ನಿರ್ಣಯಿಸುವುದು: ಮೆಮೊರಿ ಆಲ್ಫಾ

ಸ್ಟಾರ್ ಟ್ರೆಕ್‌ನ ವಿಶ್ವಕೋಶವಾದ ಮೆಮೊರಿ ಆಲ್ಫಾ 2003ರಲ್ಲಿ ಆರಂಭವಾಯಿತು. 1969ರ ಒಂದು ಕಂತಿನಲ್ಲಿ ಬರುವ ಗ್ರಂಥಾಲಯ-ಗ್ರಹದ ಹೆಸರು ಇದಕ್ಕೆ ಬಂದಿದೆ. ಇದರ ನಿಯಮ ಸರಳ: ಟಿ.ವಿ. ಸರಣಿಗಳಲ್ಲಿ, ಸಿನಿಮಾಗಳಲ್ಲಿ ಕಂಡದ್ದು ಕೇಳಿದ್ದು ಕ್ಯಾನನ್, ಪುಸ್ತಕದಲ್ಲಿದ್ದದ್ದು ಅಲ್ಲ. ಹಕ್ಕುದಾರರು ಬಹುಕಾಲದಿಂದ ಹೇಳಿಕೊಂಡು ಬಂದದ್ದೂ ಇದನ್ನೇ. ಪರವಾನಗಿ ಪಡೆದ ಕಾದಂಬರಿ, ಕಾಮಿಕ್ಸ್, ಗೇಮ್‌ಗಳಿಗೆ ಮೆಮೊರಿ ಬೀಟಾ ಎಂಬ ಪ್ರತ್ಯೇಕ ವಿಶ್ವಕೋಶವಿದೆ. ಒಂದೇ ಪಾತ್ರಕ್ಕೆ ಎರಡು ಮನೆಗಳಲ್ಲಿ ಎರಡು ಪುಟಗಳು. ಆಲ್ಫಾದ ಪುಟಗಳಲ್ಲೂ ಅನುಬಂಧ ಕಥೆಗಳನ್ನು ಪೂರ್ತಿ ಮರೆಮಾಡಿಲ್ಲ. ಪುಟದ ಕೊನೆಯ ಹಿನ್ನೆಲೆ ಮಾಹಿತಿಯಲ್ಲಿ ‘ಅಪಾಕ್ರಿಫಾ’ ಎಂಬ ಉಪಶೀರ್ಷಿಕೆಯಡಿ ಕಾದಂಬರಿಗಳು ಆ ಪಾತ್ರದ ಬಗ್ಗೆ ಏನು ಹೇಳಿವೆ ಎಂಬುದನ್ನು ಚುಟುಕಾಗಿ ಕೊಡಲಾಗುತ್ತದೆ.

ಸರಳ ನಿಯಮಕ್ಕೂ ಅಂಚಿನ ಪ್ರಕರಣಗಳಿವೆ. 1973-74ರಲ್ಲಿ ಪ್ರಸಾರವಾದ ಅನಿಮೇಷನ್ ಸರಣಿ ತೆರೆಯ ಮೇಲೇ ಬಂದದ್ದಾದರೂ 1980ರ ದಶಕದ ಕೊನೆಯಲ್ಲಿ ಅದನ್ನು ಕ್ಯಾನನ್‌ನಿಂದ ಕೈಬಿಡಲಾಯಿತು. ಅನಂತರ ಮತ್ತೆ ಒಳಗೆ ಬಂತು. ಕ್ಯಾಪ್ಟನ್ ಜೇಮ್ಸ್ ಟಿ. ಕರ್ಕ್ ಹೆಸರಿನ ನಡುವಿನ ‘ಟಿ’ ಅಕ್ಷರವನ್ನು ಟೈಬೀರಿಯಸ್ ಎಂದು ಬಿಡಿಸಿ ಹೇಳಿದ್ದು 1974ರಲ್ಲಿ ಇದೇ ಅನಿಮೇಷನ್ ಸರಣಿಯ ಒಂದು ಕಂತು. ಸರಣಿ ಹೊರಗಿದ್ದ ಕಾಲದಲ್ಲೇ, 1991ರ ಆರನೆಯ ಸಿನಿಮಾದಲ್ಲಿ ಈ ಹೆಸರು ಬಂತು. ಸರಣಿ ಕ್ಯಾನನ್ ಅಲ್ಲ, ಅದು ಕೊಟ್ಟ ಹೆಸರು ಮಾತ್ರ ಕ್ಯಾನನ್ ಎಂಬ ಸ್ಥಿತಿ ಹಲವು ವರ್ಷ ಇತ್ತು.

ವಾಯೇಜರ್ ಸರಣಿಯ ನಿರ್ಮಾತೃಗಳಲ್ಲಿ ಒಬ್ಬರಾದ ಜೆರಿ ಟೇಲರ್ 1996ರಲ್ಲೂ 1998ರಲ್ಲೂ ಅದೇ ಪಾತ್ರಗಳ ಪೂರ್ವಕಥೆಯನ್ನು ಕಾದಂಬರಿಗಳಾಗಿ ಬರೆದರು. ಪಾತ್ರಗಳನ್ನು ಸೃಷ್ಟಿಸಿದವರೇ ಬರೆದರೂ ಮಾಧ್ಯಮ ಪುಸ್ತಕವಾದ್ದರಿಂದ ಆಲ್ಫಾದ ಮುಖ್ಯ ಪಠ್ಯಕ್ಕೆ ಇವು ಆಕರವಾಗುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಬ್ಯಾಬಿಲಾನ್ 5 ಸರಣಿಯದು. ಅಲ್ಲಿ ಸರಣಿಯ ಕರ್ತೃ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ, ಬೇರೆಯವರು ಬರೆದ ಕಾದಂಬರಿಗಳಲ್ಲಿ ಕೆಲವನ್ನು ಹೆಸರಿಸಿ ಕ್ಯಾನನ್ ಎಂದು ಒಪ್ಪಿದರು. ಕ್ಯಾಥರಿನ್ ಡ್ರೆನನ್ ಅವರ 1997ರ ಕಾದಂಬರಿ ಅವುಗಳಲ್ಲಿ ಮುಖ್ಯವಾದದ್ದು.

ಮೆಟ್ಟಿಲುಗಳಿಂದ ಎರಡು ಹೊಳೆಗಳಿಗೆ: ಸ್ಟಾರ್ ವಾರ್ಸ್

ತಿಮೊಥಿ ಜಾನ್ ಅವರ ‘ಏರ್ ಟು ದಿ ಎಂಪೈರ್’ 1991ರಲ್ಲಿ ಪ್ರಕಟವಾದ ಮೇಲೆ ಸ್ಟಾರ್ ವಾರ್ಸ್‌ನ ಅನುಬಂಧ ಕಥೆಗಳು ಪ್ರವಾಹದಂತೆ ಬಂದವು. ಇವುಗಳಿಗೆ ಒಟ್ಟಾಗಿ ‘ಎಕ್ಸ್‌ಪಾಂಡೆಡ್ ಯೂನಿವರ್ಸ್’ ಎಂಬ ಹೆಸರು ನಿಂತಿತು. ಒಬ್ಬ ಲೇಖಕ ಕೊಂದ ಪಾತ್ರವನ್ನು ಇನ್ನೊಬ್ಬ ಲೇಖಕ ಬದುಕಿಸದಂತೆ ನೋಡಿಕೊಳ್ಳಲು ಲೂಕಸ್ ಲೈಸೆನ್ಸಿಂಗ್ ಸಂಸ್ಥೆ ಒಳಬಳಕೆಗೆ ‘ಹಾಲೊಕ್ರಾನ್’ ಎಂಬ ದತ್ತಾಂಶ ಸಂಗ್ರಹ ಇಟ್ಟಿತು. ಲೀಲ್ಯಾಂಡ್ ಚೀ ಅದರ ಹೊಣೆ ಹೊತ್ತಿದ್ದರು. ಅದರಲ್ಲಿ ಪ್ರತಿ ಸಂಗತಿಗೂ ಒಂದು ಅಕ್ಷರದ ದರ್ಜೆ ಇರುತ್ತಿತ್ತು. ಜಾರ್ಜ್ ಲೂಕಸ್‌ರ ಸಿನಿಮಾಗಳಲ್ಲಿ ಇರುವುದು ಜಿ, ಟಿ.ವಿ.ಯದ್ದು ಟಿ, ಕಾದಂಬರಿ ಮತ್ತು ಕಾಮಿಕ್ಸ್‌ಗಳದ್ದು ಸಿ, ಹಳೆಯವು ಅಥವಾ ಪೂರ್ತಿ ಹೊಂದದವು ಎಸ್, ಲೆಕ್ಕಕ್ಕಿಲ್ಲದ್ದು ಎನ್. ಮೇಲಿನ ಮೆಟ್ಟಿಲು ಕೆಳಗಿನದ್ದನ್ನು ತಿದ್ದಬಹುದು. ಕೆಳಗಿನದ್ದು ಮೇಲಿನದ್ದನ್ನು ಮುಟ್ಟುವಂತಿಲ್ಲ. ತಕರಾರಿಲ್ಲದ ಕಡೆ ಕೆಳಗಿನ ಮೆಟ್ಟಿಲಿನ ಮಾತೂ ನಿಲ್ಲುತ್ತಿತ್ತು.

ವೂಕಿಪೀಡಿಯ ಎಂಬ ಅಭಿಮಾನಿ ವಿಶ್ವಕೋಶ 2005ರಲ್ಲಿ ಆರಂಭವಾದಾಗ ಈ ವ್ಯವಸ್ಥೆ ಜಾರಿಯಲ್ಲಿತ್ತು. ಪರವಾನಗಿ ಪಡೆದ ಬಹುಪಾಲು ಕಥೆಗಳನ್ನು ಅದು ಒಂದೇ ಪುಟದಲ್ಲಿ ಹೆಣೆದು ಬರೆಯುತ್ತಿತ್ತು. ಸಿನಿಮಾದಲ್ಲಿ ಎರಡು ನಿಮಿಷ ಬಂದುಹೋಗುವ ಪಾತ್ರಕ್ಕೂ ಬಾಲ್ಯ, ಮದುವೆ, ಸಾವು ಎಲ್ಲ ಕೂಡಿ ಬರುತ್ತಿದ್ದವು.

ಡಿಸ್ನಿ ಸಂಸ್ಥೆ ಲೂಕಸ್‌ಫಿಲ್ಮ್ ಅನ್ನು ಸುಮಾರು 405 ಕೋಟಿ ಡಾಲರಿಗೆ ಕೊಳ್ಳುವುದಾಗಿ 2012ರ ಅಕ್ಟೋಬರ್ 30ರಂದು ಪ್ರಕಟಿಸಿತು. ಹೊಸ ಸಿನಿಮಾಗಳಿಗೆ ಜಾಗ ಬೇಕಿತ್ತು. ಕಾದಂಬರಿಗಳಲ್ಲಿ ಲೇಯಾ ಮತ್ತು ಹಾನ್ ಸೋಲೊ ಮಕ್ಕಳು ಆಗಲೇ ದೊಡ್ಡವರಾಗಿದ್ದರು, 1999ರ ಒಂದು ಕಾದಂಬರಿಯಲ್ಲಿ ಹಾನ್‌ನ ಜೊತೆಗಾರ ಚೂಬಾಕ ಸತ್ತಿದ್ದ. 2014ರ ಏಪ್ರಿಲ್ 25ರಂದು ಲೂಕಸ್‌ಫಿಲ್ಮ್ ತನ್ನ ನಿರ್ಧಾರ ತಿಳಿಸಿತು. ಆರು ಸಿನಿಮಾಗಳು ಮತ್ತು ‘ದಿ ಕ್ಲೋನ್ ವಾರ್ಸ್’ ಕ್ಯಾನನ್ ಆಗಿ ಉಳಿದವು. ಅಲ್ಲಿಯವರೆಗಿನ ಎಕ್ಸ್‌ಪಾಂಡೆಡ್ ಯೂನಿವರ್ಸ್ ಕಥೆಗಳೆಲ್ಲ ‘ಲೆಜೆಂಡ್ಸ್’ ಎಂಬ ಹೊಸ ಹೆಸರಿನಡಿ ಮರುಮುದ್ರಣವಾಗುತ್ತವೆ, ಆದರೆ ಕ್ಯಾನನ್ ಅಲ್ಲ. ಇನ್ನು ಮುಂದೆ ಬರುವ ಕಾದಂಬರಿ, ಕಾಮಿಕ್ಸ್, ಸರಣಿ, ಸಿನಿಮಾ ಎಲ್ಲಕ್ಕೂ ಒಂದೇ ದರ್ಜೆ; ಅವುಗಳ ಹೊಂದಾಣಿಕೆಯನ್ನು ಸ್ಟೋರಿ ಗ್ರೂಪ್ ಎಂಬ ವಿಭಾಗ ನೋಡಿಕೊಳ್ಳುತ್ತದೆ. ಈ ಹೊಸ ವ್ಯವಸ್ಥೆಯ ಮೊದಲ ಕಾದಂಬರಿ ‘ಎ ನ್ಯೂ ಡಾನ್’ ಅದೇ ಸೆಪ್ಟೆಂಬರಿನಲ್ಲಿ ಬಂತು. ಮೆಟ್ಟಿಲುಗಳ ಪದ್ಧತಿ ಕೊನೆಗೊಂಡಿತು.

ವೂಕಿಪೀಡಿಯದ ಪಾಲಿಗೆ ಇದು ಒಂಬತ್ತು ವರ್ಷಗಳ ಹೆಣಿಗೆಯನ್ನು ಎಳೆಎಳೆಯಾಗಿ ಬಿಡಿಸುವ ಕೆಲಸವಾಯಿತು. ಹಳೆಯದನ್ನು ಅಳಿಸದೆ, ಹೊಸದರೊಳಗೆ ಬೆರೆಸದೆ, ಅದು ಒಂದೇ ವಿಷಯಕ್ಕೆ ಎರಡು ಪುಟಗಳನ್ನು ಮಾಡಿತು. ಈಗ ಪುಟದ ತಲೆಯಲ್ಲಿ ‘ಕ್ಯಾನನ್’, ‘ಲೆಜೆಂಡ್ಸ್’ ಎಂಬ ಎರಡು ಪಟ್ಟಿಗಳು ಪಕ್ಕಪಕ್ಕದಲ್ಲಿವೆ. ಓದುಗ ಒಂದನ್ನು ಒತ್ತಿದರೆ ಒಂದು ಜೀವನಚರಿತ್ರೆ, ಇನ್ನೊಂದನ್ನು ಒತ್ತಿದರೆ ಇನ್ನೊಂದು.

ಅಡ್ಮಿರಲ್ ಥ್ರಾನ್ ಎಂಬ ಪಾತ್ರದ ಪುಟದಲ್ಲಿ ಇದು ಎದ್ದುಕಾಣುತ್ತದೆ. ನೀಲಿ ಮೈಬಣ್ಣ, ಕೆಂಪು ಕಣ್ಣು, ಶತ್ರುಗಳ ಚಿತ್ರ ಮತ್ತು ಶಿಲ್ಪಗಳನ್ನು ನೋಡಿಯೇ ಅವರ ಯುದ್ಧತಂತ್ರವನ್ನು ಊಹಿಸುವ ಬುದ್ಧಿ ಇವು ಎರಡು ಪಟ್ಟಿಗಳಲ್ಲೂ ಒಂದೇ. ಲೆಜೆಂಡ್ಸ್ ಥ್ರಾನ್ 1991ರ ಕಾದಂಬರಿಯಲ್ಲಿ ಮೊದಲು ಕಾಣಿಸಿಕೊಂಡು, 1993ರ ಮೂರನೆಯ ಕಾದಂಬರಿಯಲ್ಲಿ ತನ್ನದೇ ಅಂಗರಕ್ಷಕ ರುಕ್ ಕೈಯಲ್ಲಿ ಸಾಯುತ್ತಾನೆ. ಕ್ಯಾನನ್ ಥ್ರಾನ್ 2016ರಲ್ಲಿ ‘ರೆಬೆಲ್ಸ್’ ಅನಿಮೇಷನ್ ಸರಣಿಯ ಮೂಲಕ ಹುಟ್ಟಿ, 2018ರ ಕೊನೆಯ ಕಂತಿನಲ್ಲಿ ಬಾಹ್ಯಾಕಾಶದ ದೈತ್ಯ ಜೀವಿಗಳ ಹಿಡಿತದಲ್ಲಿ ಕಣ್ಮರೆಯಾಗಿ, 2023ರ ‘ಅಸೋಕ’ ಸರಣಿಯಲ್ಲಿ ಮರಳುತ್ತಾನೆ. ಅವನನ್ನು ಮೊದಲು ಸೃಷ್ಟಿಸಿದ ಜಾನ್ ಅವರೇ 2017ರಿಂದ ಕ್ಯಾನನ್ ಥ್ರಾನ್ ಬಗ್ಗೆ ಹೊಸ ಕಾದಂಬರಿಗಳನ್ನು ಬರೆದರು. ಸೃಷ್ಟಿಕರ್ತ ಒಬ್ಬ, ಹೆಸರು ಒಂದು, ಬದುಕು ಎರಡು.

ಕ್ಯಾನನ್ ಇಲ್ಲದ ಮಾನ್ಯತೆ: ಡಾಕ್ಟರ್ ಹೂ

ಬಿ.ಬಿ.ಸಿ. 1963ರಿಂದ ಪ್ರಸಾರ ಮಾಡುತ್ತಿರುವ ಡಾಕ್ಟರ್ ಹೂ ಸರಣಿಗೆ ಹಕ್ಕುದಾರರು ಎಂದೂ ಕ್ಯಾನನ್ ಗೊತ್ತುಮಾಡಿಲ್ಲ. ಟಿ.ವಿ. ಕಂತುಗಳನ್ನು ಮಾತ್ರ ಕ್ಯಾನನ್ ಎಂದುಕೊಂಡರೂ ಬಿಕ್ಕಟ್ಟು ತೀರುವುದಿಲ್ಲ, ಏಕೆಂದರೆ ಕಂತುಗಳೇ ಒಂದಕ್ಕೊಂದು ಹೊಂದುವುದಿಲ್ಲ. 1975ರ ಒಂದು ಕಥೆಯಲ್ಲಿ ನಾಯಕ ಡಾಕ್ಟರನ ಸಂಗಾತಿ ಸಾರಾ ಜೇನ್ ತಾನು 1980ರಿಂದ ಬಂದವಳೆನ್ನುತ್ತಾಳೆ. ಅವಳ ಕಾಲದಲ್ಲಿ ಸೇನೆಯ ಕೆಲಸದಲ್ಲಿದ್ದ ಬ್ರಿಗೇಡಿಯರ್, 1983ರ ಒಂದು ಕಥೆಯ ಪ್ರಕಾರ 1977ರ ಹೊತ್ತಿಗೇ ನಿವೃತ್ತನಾಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾನೆ. ಅಟ್ಲಾಂಟಿಸ್ ದ್ವೀಪದ ನಾಶಕ್ಕೆ 1967, 1971 ಮತ್ತು 1972ರ ಕಥೆಗಳು ಬೇರೆ ಬೇರೆ ಕಾರಣ ಕೊಡುತ್ತವೆ.

ಆದ್ದರಿಂದ ಟಾರ್ಡಿಸ್ ಎಂಬ ಅಭಿಮಾನಿ ವಿಶ್ವಕೋಶ ಕ್ಯಾನನ್ ಎಂಬ ಪದವನ್ನೇ ಬಿಟ್ಟು ‘ಮಾನ್ಯ ಆಕರ’ ಎಂಬುದನ್ನು ಹಿಡಿಯಿತು. ಅದಕ್ಕೆ ನಾಲ್ಕು ಕಿರುನಿಯಮಗಳು. ಅದು ಕಥೆಯಾಗಿರಬೇಕು, ಕೈಪಿಡಿ, ಸಂದರ್ಶನ, ಕತ್ತರಿಸಿದ ದೃಶ್ಯ ಸಾಲದು. ಅದರಲ್ಲಿ ಬಳಸಿದ ಪ್ರತಿ ಅಂಶಕ್ಕೂ ಅದರದರ ಹಕ್ಕುದಾರರ ಪರವಾನಗಿ ಇರಬೇಕು. ಅದು ವಿಧಿವತ್ತಾಗಿ ಬಿಡುಗಡೆಯಾಗಿರಬೇಕು. ಅದು ಡಾಕ್ಟರ್ ಹೂ ಲೋಕದಲ್ಲೇ ನಡೆಯುವ ಕಥೆಯೆಂಬ ಉದ್ದೇಶದಿಂದ ಬಂದದ್ದಾಗಿರಬೇಕು. ಈ ನಾಲ್ಕನ್ನು ದಾಟಿದರೆ ಟಿ.ವಿ. ಕಂತು, ಕಾದಂಬರಿ, ಆಡಿಯೊ ನಾಟಕ ಎಲ್ಲಕ್ಕೂ ಒಂದೇ ತೂಕ. ವಿರೋಧ ಬಂದ ಕಡೆ ಒಂದನ್ನು ಗೆಲ್ಲಿಸದೆ, ‘ಒಂದು ವೃತ್ತಾಂತದ ಪ್ರಕಾರ’, ‘ಇನ್ನೊಂದರ ಪ್ರಕಾರ’ ಎಂದು ಎರಡನ್ನೂ ದಾಖಲಿಸುವುದು ಅದರ ಪದ್ಧತಿ.

ಎರಡನೆಯ ನಿಯಮ ಬಹುವಚನದಲ್ಲಿರುವುದಕ್ಕೆ ಕಾರಣವಿದೆ. ಡಾಕ್ಟರ್ ಹೂ ಲೋಕದ ಹಕ್ಕುಗಳು ಒಬ್ಬರ ಕೈಯಲ್ಲಿಲ್ಲ. ಡಾಲೆಕ್‌ಗಳೆಂಬ ಶತ್ರುಪಾತ್ರಗಳಲ್ಲಿ ಅವುಗಳನ್ನು ಸೃಷ್ಟಿಸಿದ ಟೆರಿ ನೇಷನ್ ಅವರ ವಾರಸುದಾರರಿಗೆ ಹಕ್ಕಿದೆ. ಇನ್ನೂ ಹಲವು ಪಾತ್ರಗಳ ಹಕ್ಕು ಅವುಗಳನ್ನು ಬರೆದವರಲ್ಲೇ ಉಳಿದಿದೆ. ಹಾಗಾಗಿ ಬಿ.ಬಿ.ಸಿ.ಯ ಹಂಗಿಲ್ಲದೆ, ಡಾಕ್ಟರ್ ಎಂಬ ಪಾತ್ರವನ್ನು ಮುಟ್ಟದೆ, ಉಳಿದ ಪಾತ್ರಗಳನ್ನು ಬಳಸಿ ಕಾನೂನುಬದ್ಧವಾಗಿ ಚಿತ್ರ ತೆಗೆಯಲು ಸಾಧ್ಯವಾಯಿತು. 1995ರಲ್ಲಿ ರೀಲ್‌ಟೈಮ್ ಪಿಕ್ಚರ್ಸ್ ಹೊರತಂದ ‘ಡೌನ್‌ಟೈಮ್’ ಎಂಬ ವಿಡಿಯೊ ಚಿತ್ರ ಅಂಥದ್ದು. ಬ್ರಿಗೇಡಿಯರ್‌ಗೆ ಕೇಟ್ ಎಂಬ ಮಗಳಿದ್ದಾಳೆಂದು ಮೊದಲು ತೋರಿಸಿದ್ದು ಅದೇ. ಹದಿನೇಳು ವರ್ಷಗಳ ಅನಂತರ, 2012ರಲ್ಲಿ, ಬಿ.ಬಿ.ಸಿ. ಸರಣಿಯಲ್ಲೇ ಜೆಮ್ಮಾ ರೆಡ್‌ಗ್ರೇವ್ ಅಭಿನಯದಲ್ಲಿ ಕೇಟ್ ಬಂದಳು.

ಅನುಬಂಧದಿಂದ ಮೂಲಕ್ಕೆ

ಕ್ಯಾನನ್ ನಿಯಮಗಳೆಲ್ಲ ಮೂಲದಿಂದ ಅನುಬಂಧದ ಕಡೆಗೆ ಹರಿವು ಇದೆಯೆಂದು ಭಾವಿಸುತ್ತವೆ. ನಿಜವಾಗಿ ಹರಿವು ಎರಡೂ ಕಡೆಗಿದೆ. ಸ್ಟಾರ್ ಟ್ರೆಕ್‌ನ ಸುಲು ಪಾತ್ರಕ್ಕೆ ಮೂಲ ಸರಣಿಯಲ್ಲಿ ಮೊದಲ ಹೆಸರಿರಲಿಲ್ಲ. ಹಿಕಾರು ಎಂಬ ಹೆಸರು ಕೊಟ್ಟವರು ವೊಂಡಾ ಮಕಿಂಟೈರ್, 1981ರ ತಮ್ಮ ಕಾದಂಬರಿಯಲ್ಲಿ. 1991ರ ಸಿನಿಮಾದಲ್ಲಿ ಸುಲು ತನ್ನನ್ನು ಆ ಹೆಸರಿನಿಂದಲೇ ಕರೆದುಕೊಂಡ. ಕಾದಂಬರಿ ಇಂದಿಗೂ ಕ್ಯಾನನ್ ಅಲ್ಲ. ಸ್ಟಾರ್ ವಾರ್ಸ್‌ನ ರಾಜಧಾನಿ ಗ್ರಹದ ಹೆಸರು ಕೋರಸಾಂಟ್ ಎಂಬುದು ಜಾನ್ ಅವರ 1991ರ ಕಾದಂಬರಿಯಿಂದ 1999ರ ಸಿನಿಮಾಗೆ ಹೋದದ್ದು. ಕಾಮಿಕ್ಸ್‌ನಲ್ಲಿ ಹುಟ್ಟಿದ ಐಲಾ ಸೆಕ್ಯುರಾ ಎಂಬ ಜೆಡೈ ಯೋಧೆ, 2002ರ ಸಿನಿಮಾದಲ್ಲಿ ಕಾಣಿಸಿಕೊಂಡಳು.

ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಡಾಕ್ಟರ್ ಹೂ ಕಾದಂಬರಿಯಲ್ಲಿ ಏಳನೆಯ ಡಾಕ್ಟರ್, ಅಂದರೆ ದೇಹ ಬದಲಿಸುತ್ತ ಬರುವ ನಾಯಕನ ಏಳನೆಯ ರೂಪ, ಮನುಷ್ಯನಾಗಿ ಬದಲಾಗಿ, ಮೊದಲ ಮಹಾಯುದ್ಧದ ಹೊಸ್ತಿಲಿನ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಮೇಷ್ಟರಾಗಿರುತ್ತಾನೆ. 2007ರಲ್ಲಿ ಅವರೇ ಅದನ್ನು ಹತ್ತನೆಯ ಡಾಕ್ಟರ್‌ಗೆ ಹೊಂದಿಸಿ ಎರಡು ಕಂತುಗಳಾಗಿ ಬರೆದರು. ಎರಡೂ ಮಾನ್ಯವಾದರೆ, ಬಹುತೇಕ ಒಂದೇ ಅನುಭವ ಒಬ್ಬನೇ ವ್ಯಕ್ತಿಗೆ ಎರಡು ಜನ್ಮಗಳಲ್ಲಿ ಎರಡು ಸಲ ಆಯಿತೆಂದು ಬರೆಯಬೇಕಾಗುತ್ತದೆ. ಟಾರ್ಡಿಸ್ ವಿಶ್ವಕೋಶ ಎರಡನ್ನೂ ಒಪ್ಪಿದೆ. ಬಿಗ್ ಫಿನಿಶ್ ಸಂಸ್ಥೆಯ ಆಡಿಯೊ ನಾಟಕಗಳಿಗೆ 2013ರ ನವೆಂಬರಿನಲ್ಲಿ ಇನ್ನೊಂದು ಬಗೆಯ ಮನ್ನಣೆ ದೊರೆಯಿತು. ಸುಮಾರು ಏಳು ನಿಮಿಷದ ‘ದಿ ನೈಟ್ ಆಫ್ ದಿ ಡಾಕ್ಟರ್’ ಎಂಬ ಕಿರುಚಿತ್ರದಲ್ಲಿ ಸಾಯುವ ಹೊತ್ತಿಗೆ ಎಂಟನೆಯ ಡಾಕ್ಟರ್ ತನ್ನ ಹಳೆಯ ಸಂಗಾತಿಗಳಿಗೆ ವಂದಿಸುತ್ತ ಚಾರ್ಲಿ, ಕ್ರಿಜ್, ಲೂಸಿ, ಟ್ಯಾಮ್ಸಿನ್, ಮೋಲಿ ಎಂದು ಐದು ಹೆಸರು ಹೇಳುತ್ತಾನೆ. ಐದೂ ಜನ ಅದುವರೆಗೆ ಧ್ವನಿಯಾಗಿ ಮಾತ್ರ ಇದ್ದವರು. ಹೆಸರು ಹೇಳಿದ ಮಾತ್ರಕ್ಕೆ ಅವರ ಕಥೆಗಳೆಲ್ಲ ತೆರೆಯ ಕಥೆಯ ಭಾಗವಾದವೆ ಎಂಬ ಪ್ರಶ್ನೆಗೆ ಮಾಧ್ಯಮವನ್ನು ನೋಡುವ ನಿಯಮದಲ್ಲಿ ಉತ್ತರವಿಲ್ಲ. ಮೆಮೊರಿ ಆಲ್ಫಾ ಮಾದರಿಯಲ್ಲಿ ಹೋದರೆ ಅಂಥ ಪಾತ್ರಕ್ಕೆ ಒಂದೇ ಸಾಲಿನ ಪುಟ ಸಿಗುತ್ತದೆ, ಹತ್ತು ವರ್ಷ ಕೇಳಿದ ನಾಟಕಗಳೆಲ್ಲ ಟಿಪ್ಪಣಿಗೆ ಇಳಿಯುತ್ತವೆ.

ಪುಟದ ರಚನೆ

ನಿರ್ಣಯ ಏನೇ ಇರಲಿ, ಓದುಗನಿಗೆ ಅದು ತಿಳಿಯುವುದು ಪುಟದ ರಚನೆಯಿಂದ. ಈ ವಿಶ್ವಕೋಶಗಳಲ್ಲಿ ಕಥಾಲೋಕದ ಒಳಗಿನ ಸಂಗತಿಗಳನ್ನು ಸಾಮಾನ್ಯವಾಗಿ ಭೂತಕಾಲದಲ್ಲಿ, ಇತಿಹಾಸವೆಂಬಂತೆ ಬರೆಯಲಾಗುತ್ತದೆ. ಸಿನಿಮಾ ತಯಾರಿ, ನಟರು, ಲೇಖಕರ ಉದ್ದೇಶ ಇತ್ಯಾದಿ ಹೊರಗಿನ ಸಂಗತಿಗಳಿಗೆ ಪುಟದ ಕೊನೆಯಲ್ಲಿ ಬೇರೆ ವಿಭಾಗ. ಪ್ರತಿ ಹೇಳಿಕೆಯ ಪಕ್ಕದಲ್ಲಿ ಅದು ಯಾವ ಕಂತಿನಿಂದ, ಯಾವ ಪುಸ್ತಕದಿಂದ ಬಂತು ಎಂಬ ಗುರುತು ಇರುತ್ತದೆ. ಈ ಗುರುತೇ ಇಡೀ ವ್ಯವಸ್ಥೆಯ ಆಧಾರಸ್ತಂಭ. 2014ರಲ್ಲಿ ವೂಕಿಪೀಡಿಯ ತನ್ನ ಪುಟಗಳನ್ನು ಎರಡಾಗಿ ಸೀಳಲು ಸಾಧ್ಯವಾದದ್ದು, ಯಾವ ಸಾಲು ಎಲ್ಲಿಂದ ಬಂದದ್ದೆಂಬುದನ್ನು ಸಂಪಾದಕರು ಮೊದಲಿನಿಂದ ಬರೆದಿಟ್ಟಿದ್ದರಿಂದ. ಆಕರ ಬರೆಯದೆ ಕಥೆಯನ್ನು ಮಾತ್ರ ಹೆಣೆದ ವಿಶ್ವಕೋಶದಲ್ಲಿ ಹಕ್ಕುದಾರರ ಒಂದು ಪ್ರಕಟಣೆ ಬಂದರೆ ಪುಟವನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.

ಒಂದು ದರ್ಜೆಯೊಳಗಿನ ವಿರೋಧಗಳನ್ನು ಬರೆಯುವುದು ಹೆಚ್ಚು ನಾಜೂಕಿನ ಕೆಲಸ. ‘ಕೇನನ್’ ಎಂಬ 2015ರ ಕಾಮಿಕ್ಸ್‌ನಲ್ಲಿ, ಹುಡುಗ ಕೇಲೆಬ್ ಡೂಮ್ ಮತ್ತು ಅವನ ಗುರು ಡೆಪಾ ಬಿಲಾಬಾ ಕೇಲರ್ ಗ್ರಹದಲ್ಲಿ ರಾತ್ರಿ ಬೆಂಕಿಯ ಸುತ್ತ ತಮ್ಮ ಸೈನಿಕರ ಜೊತೆ ಕುಳಿತಿರುವಾಗ ಜೆಡೈಗಳನ್ನು ಕೊಲ್ಲುವ ಆದೇಶ ಬರುತ್ತದೆ. 2021ರ ಮೇ 4ರಂದು ಬಂದ ‘ದಿ ಬ್ಯಾಡ್ ಬ್ಯಾಚ್’ ಸರಣಿಯ ಮೊದಲ ಕಂತಿನಲ್ಲಿ ಅದೇ ಘಟನೆ ಹಗಲಿನಲ್ಲಿ, ಹಿಮದ ನೆಲದಲ್ಲಿ, ಯುದ್ಧದ ನಡುವೆ ನಡೆಯುತ್ತದೆ. ಎರಡೂ 2014ರ ಅನಂತರದವು, ಎರಡೂ ಕ್ಯಾನನ್. ಕಾಗದದ ಮೇಲೆ ಎರಡಕ್ಕೂ ಒಂದೇ ದರ್ಜೆ ಇದ್ದರೂ, ಮುಂದಿನ ಕಥೆಗಳು ತೆರೆಯ ಮೇಲೆ ಕಂಡದ್ದನ್ನೇ ಹಿಡಿದು ಸಾಗುವುದು ವಾಡಿಕೆ. 2016ರ ‘ಅಸೋಕ’ ಕಾದಂಬರಿಗೂ ಹೀಗೇ ಆಯಿತು. ಅದರಲ್ಲಿ ಹೇಳಿದ ಕಥೆಯನ್ನು 2022ರ ‘ಟೇಲ್ಸ್ ಆಫ್ ದಿ ಜೆಡೈ’ ಸರಣಿಯ ಕೊನೆಯ ಕಂತು ಬೇರೆ ರೀತಿಯಲ್ಲಿ ಹೇಳಿತು.

ಉಪಯೋಗ

ಪಾತ್ರವೊಂದರ ಬದುಕನ್ನು ಕಾಲಾನುಕ್ರಮದಲ್ಲಿ ತಿಳಿಯಲು, ಯಾವ ಪುಸ್ತಕ ಯಾವ ಸಿನಿಮಾದ ಮುಂಚೆ ಅಥವಾ ಅನಂತರ ಬರುತ್ತದೆಂದು ನೋಡಲು ಓದುಗರು ಈ ನಿರ್ಣಯಗಳನ್ನು ಅವಲಂಬಿಸುತ್ತಾರೆ. ಜನಪ್ರಿಯ ಸಂಸ್ಕೃತಿಯ ಅಧ್ಯಯನಕಾರರಿಗೆ ಇವು ಬೇರೊಂದು ಬಗೆಯ ಆಕರ. ಕೂಲಿಗೆ ಬರೆಸಿದ ಪುಸ್ತಕವೊಂದರ ಕಲ್ಪನೆ ಹೇಗೆ ಒಂದು ದೊಡ್ಡ ಉದ್ಯಮದ ಆಸ್ತಿಯಾಯಿತು ಎಂಬುದನ್ನು ಪುಟದ ಆಕರಸೂಚಿಗಳಿಂದ ಹಿಂಬಾಲಿಸಬಹುದು. ಅನುಬಂಧ ಕಥೆಗಳ ಕೃತಿಸ್ವಾಮ್ಯ ಸಾಮಾನ್ಯವಾಗಿ ಬರೆದವರಿಗಲ್ಲ, ಹಕ್ಕುದಾರ ಸಂಸ್ಥೆಗೆ ಸೇರುತ್ತದೆ. ಸುಲುವಿನ ಮೊದಲ ಹೆಸರನ್ನು ಇಟ್ಟವರು ಮಕಿಂಟೈರ್ ಎಂಬುದನ್ನು ಸಿನಿಮಾ ನೋಡಿದವರು ತಿಳಿಯಲಾರರು. ಆ ಋಣವನ್ನು ಹೆಸರು ಹಿಡಿದು ದಾಖಲಿಸಿರುವುದು ಅಭಿಮಾನಿ ವಿಶ್ವಕೋಶಗಳ ಹಿನ್ನೆಲೆ ವಿಭಾಗಗಳು. ಕ್ಯಾನನ್ ಅಲ್ಲದ ಕೃತಿಗೂ ಪುಟ ಇರಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ.

ಇಂದಿನ ಸ್ಥಿತಿ

ಮೂರು ವಿಶ್ವಕೋಶಗಳೂ ಸಕ್ರಿಯವಾಗಿವೆ. ಟಾರ್ಡಿಸ್ 2024ರಲ್ಲಿ ತಾನು ಮೊದಲಿದ್ದ ವಾಣಿಜ್ಯ ಜಾಲಸಂಸ್ಥೆಯನ್ನು ಬಿಟ್ಟು ಸ್ವತಂತ್ರ ತಾಣಕ್ಕೆ ಹೋಯಿತು. ತೆರೆಯ ಮೇಲೆ ಬಂದದ್ದೆಲ್ಲ ಕ್ಯಾನನ್ ಎಂಬ ಹಳೆಯ ಸೂತ್ರ ಸಡಿಲವಾಗಿದೆ. 2021ರಲ್ಲಿ ಆರಂಭವಾದ ‘ಸ್ಟಾರ್ ವಾರ್ಸ್: ವಿಷನ್ಸ್’ ಅನಿಮೇಷನ್ ಕಥೆಗಳು ಹಕ್ಕುದಾರರೇ ಪ್ರಸಾರ ಮಾಡಿದರೂ ಕ್ಯಾನನ್‌ಗೆ ಕಟ್ಟುಬೀಳದೆ ಬಂದವು. 2023ರ ‘ವೆರಿ ಶಾರ್ಟ್ ಟ್ರೆಕ್ಸ್’ ಕಿರುಚಿತ್ರಗಳು ಕ್ಯಾನನ್ ಅಲ್ಲವೆಂದು ಮೊದಲೇ ಹೇಳಲಾಯಿತು. ಡಾಯ್ಲ್ ಅವರ ಕ್ರಿಕೆಟ್ ಮೈದಾನದ ಪ್ರಸಂಗಕ್ಕೆ ಇರುವ ಸ್ಥಾನವೇ ಇವುಗಳಿಗೂ ಸಿಕ್ಕಿದೆ.

ಭಾರತದಲ್ಲಿ ಸಿನಿಮಾ ಆಧಾರಿತ ಅನುಬಂಧ ಕಥೆಗಳ ದೊಡ್ಡ ಉದಾಹರಣೆ ಬಾಹುಬಲಿಯದು. ಆನಂದ್ ನೀಲಕಂಠನ್ ಅವರ ‘ದಿ ರೈಸ್ ಆಫ್ ಶಿವಗಾಮಿ’ 2017ರಲ್ಲಿ ಇಂಗ್ಲಿಷಿನಲ್ಲಿ ಬಂದು ಮೂರು ಕಾದಂಬರಿಗಳ ಸಾಲಾಯಿತು. 2017ರಲ್ಲೂ 2024ರಲ್ಲೂ ಅನಿಮೇಷನ್ ಸರಣಿಗಳು ಬಂದವು. ಸಿನಿಮಾ, ಕಾದಂಬರಿ, ಅನಿಮೇಷನ್ ಮೂರೂ ಮಾಹಿಷ್ಮತಿಯ ಕಥೆಯನ್ನೇ ಹೇಳುತ್ತವೆ.

ಮುಚ್ಚಿಹೋಯಿತೆಂದುಕೊಂಡ ಕಥಾಸರಣಿಗಳೂ ಪೂರ್ತಿ ಮುಚ್ಚಿಲ್ಲ. ಮಾರ್ವೆಲ್ 1986ರಲ್ಲಿ 107ನೇ ಸಂಚಿಕೆಗೆ ನಿಲ್ಲಿಸಿದ್ದ ಹಳೆಯ ಸ್ಟಾರ್ ವಾರ್ಸ್ ಕಾಮಿಕ್ಸ್‌ಗೆ 2019ರಲ್ಲಿ 108ನೇ ಸಂಚಿಕೆಯನ್ನು ಹೊರತಂದಿತು. 2011ರಲ್ಲಿ ಬಿಡುಗಡೆಯಾದ ‘ದಿ ಓಲ್ಡ್ ರಿಪಬ್ಲಿಕ್’ ಎಂಬ ಆನ್‌ಲೈನ್ ಗೇಮ್ 2014ರ ಪ್ರಕಟಣೆಯ ಅನಂತರವೂ ಲೆಜೆಂಡ್ಸ್ ಹೊಳೆಯಲ್ಲೇ ಉಳಿದು ಹೊಸ ಅಧ್ಯಾಯಗಳನ್ನು ಸೇರಿಸುತ್ತ ಬಂದಿದೆ. ಹಾಗಾಗಿ ವೂಕಿಪೀಡಿಯದ ಲೆಜೆಂಡ್ಸ್ ಪುಟಗಳಿಗೆ ಈಗಲೂ ಹೊಸ ಸಾಲುಗಳು ಸೇರುತ್ತಿವೆ.